ಪೋರ್ಟಿಕೋದಲ್ಲಿ ಬ್ರೇಕಿನ ಗಾಳಿ ತೆಗೆಯುವ ಕೆಲಸ

ಬ್ರೇಕ್ ಪೈಪುಗಳೊಳಗೆ ಸೇರಿಕೊಂಡ ಗಾಳಿಯನ್ನು ಹೊರಹಾಕುವುದಕ್ಕೆ ಬೆಂಗಳೂರಿನ ಗ್ಯಾರೇಜುಗಳಲ್ಲಿ ‘ಏರ್ ತೆಗೆಯೋದು’ ಎನ್ನುತ್ತಾರೆ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟುವ ಒತ್ತಡ ಪೈಪಿನಲ್ಲಿರುವ ದ್ರವದ ಮೂಲಕ ಚಕ್ರಗಳಿಗೆ ತಲುಪಬೇಕು. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ನಡುವೆ ಗುಳ್ಳೆಗಳಿದ್ದರೆ ಪೆಡಲ್ ಇಳಿದ ದೂರವೆಲ್ಲ ಅವನ್ನು ಅದುಮುವುದರಲ್ಲೇ ಮುಗಿಯುತ್ತದೆ. ಪಾದಕ್ಕೆ ಸ್ಪಂಜು ತುಳಿದ ಹಾಗಾಗುತ್ತದೆ, ಗಾಡಿ ಹೇಳಿದಲ್ಲಿ ನಿಲ್ಲುವುದಿಲ್ಲ.

ಮೊದಲ ಕಾಲದ ಕಾರುಗಳಲ್ಲಿ ಸರಳು, ತಂತಿಗಳೇ ಬ್ರೇಕನ್ನು ಎಳೆಯುತ್ತಿದ್ದವು. ದ್ರವದಿಂದ ನಡೆಯುವ, ಅಂದರೆ ಹೈಡ್ರಾಲಿಕ್, ಬ್ರೇಕಿಗೆ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಪೇಟೆಂಟ್ ಪಡೆದ. 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂತು. ಸ್ವಾತಂತ್ರ್ಯಾನಂತರ ನಮ್ಮ ರಸ್ತೆಗಳನ್ನು ತುಂಬಿದ ಅಂಬಾಸಿಡರ್ ಮತ್ತು ಫಿಯಟ್ ಕಾರುಗಳು ಹುಟ್ಟಿನಿಂದಲೇ ಹೈಡ್ರಾಲಿಕ್ ಬ್ರೇಕಿನವು.

ದಕ್ಷಿಣ ಬೆಂಗಳೂರಿನಲ್ಲಿ ಗ್ಯಾರೇಜಿನ ಈ ಕೆಲಸ ಮನೆಗೂ ಬರಲು ಬಡಾವಣೆಗಳ ಸ್ವರೂಪವೇ ಅನುಕೂಲವಾಯಿತು. 1945ರಲ್ಲಿ ರಚನೆಯಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ ಕಾಲದಲ್ಲಿ, 1948ರಿಂದ ಜಯನಗರ ಬೆಳೆಯತೊಡಗಿತು. ಅಳೆದು ಹಂಚಿದ ನಿವೇಶನ, ಸುತ್ತ ಕಾಂಪೌಂಡು, ಗೇಟು, ಗೇಟಿನಿಂದ ಮನೆಬಾಗಿಲವರೆಗೆ ಸಿಮೆಂಟಿನ ನೆಲ, ಮೇಲೊಂದು ಪೋರ್ಟಿಕೋ. ಹಳೆಯ ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಕಾರನ್ನು ಜಾಕಿಯ ಮೇಲೇರಿಸಿ ಅರ್ಧ ದಿನ ಬಿಡುವುದು ಸಾಧ್ಯವಿರಲಿಲ್ಲ, ಇಲ್ಲಿ ಸಾಧ್ಯವಿತ್ತು. ಸಮತಟ್ಟಾದ ಗಟ್ಟಿ ನೆಲ ಮತ್ತು ನೆರಳು ಬ್ರೇಕ್ ಕೆಲಸಕ್ಕೆ ಬೇಕಾದ ಮೊದಲ ಎರಡು ವಸ್ತುಗಳು. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದ ಮೇಲೆ ಬನಶಂಕರಿ, ಜೆ.ಪಿ. ನಗರಗಳು ಹಬ್ಬಿದವು. ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಮೊದಲಕ್ಷರ ಹೊತ್ತ ಬಿ.ಟಿ.ಎಂ. ಲೇಔಟ್ ಬೆಳೆಯಿತು. 30×40 ಅಡಿಯ ನಿವೇಶನದಲ್ಲೂ ಒಂದು ಕಾರಿಗೆ ಜಾಗ ಬಿಡುವುದು ರೂಢಿಯಾಯಿತು.

ಕಾರುಗಳೂ ಅದಕ್ಕೆ ತಕ್ಕವಾಗಿದ್ದವು. ಫಿಯಟ್, ಅಂದರೆ ಮುಂದೆ ಪದ್ಮಿನಿ ಎನಿಸಿಕೊಂಡದ್ದು, ಹಣ ಕಟ್ಟಿ ವರ್ಷಗಟ್ಟಲೆ ಕಾದ ಮೇಲೆ ಸಿಗುತ್ತಿದ್ದ ಗಾಡಿ. ಸಿಕ್ಕಮೇಲೆ ಬಹುಕಾಲ ಮನೆಯಲ್ಲೇ ಉಳಿಯುತ್ತಿತ್ತು. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಎಲ್ಲವೂ ಕೈಗೆಟುಕುವ ಯಂತ್ರ. ವ್ಹೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳು ಸವೆದು ದ್ರವ ಜಿನುಗಿದಾಗ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ‘ಕಿಟ್’ ತರಬೇಕು. ಹಳೆಯ ರಬ್ಬರ್ ತೆಗೆದು ಹೊಸದು ಕೂರಿಸಿದ ಕೂಡಲೇ ಪೈಪಿನೊಳಕ್ಕೆ ಗಾಳಿ ಹೊಕ್ಕಿರುತ್ತದೆ. ಹಾಗಾಗಿ ಇಂಥ ಯಾವ ದುರಸ್ತಿಯೂ ಏರ್ ತೆಗೆಯದೆ ಮುಗಿಯುತ್ತಿರಲಿಲ್ಲ. ಕೈಗಳಿಗೂ ಇಲ್ಲಿ ಬರವಿರಲಿಲ್ಲ. ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸುತ್ತಿದ್ದ, 1951ರಲ್ಲಿ ಸ್ಥಾಪನೆಯಾದ ಮೈಕೋ ಈ ಬಡಾವಣೆಗಳ ಪಕ್ಕದಲ್ಲೇ ಇತ್ತು. ನಗರದ ಬೇರೆ ದಿಕ್ಕುಗಳಲ್ಲಿ ಎಚ್.ಎ.ಎಲ್., ಎಚ್.ಎಂ.ಟಿ.ಗಳಿದ್ದವು. ಇಂಥ ಕಾರ್ಖಾನೆಗಳಲ್ಲಿ ಪಾನಾ ಹಿಡಿದು ಪಳಗಿದವರಿಗೆ ಕಾರಿನ ಬ್ರೇಕು ಭಯದ ವಸ್ತುವಲ್ಲ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಚಕ್ರದ ಹಿಂದೆ ನೆಲದ ಮೇಲೆ. ಸೀಟಿನಲ್ಲಿ ಕೂರುವವರು ಮೆಕ್ಯಾನಿಕ್ ಆಗಿರಬೇಕಿಲ್ಲ, ಹೇಳಿದ್ದನ್ನು ಹೇಳಿದ ಕ್ಷಣಕ್ಕೆ ಮಾಡುವವರಾಗಿರಬೇಕು. ಹಾಗಾಗಿ ಮನೆಯ ಮಕ್ಕಳಿಗೂ ಇದರಲ್ಲಿ ಪಾಲಿತ್ತು. ಚಕ್ರದ ಸಿಲಿಂಡರಿನ ನಿಪ್ಪಲಿಗೆ, ಅಂದರೆ ಗಾಳಿ ಹೊರಬಿಡುವ ತಿರುಪಿಗೆ, ಪಾರದರ್ಶಕ ಟ್ಯೂಬೊಂದನ್ನು ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ದ್ರವ ತುಂಬಿದ ಬಾಟಲಿಯಲ್ಲಿ ಮುಳುಗಿಸಬೇಕು. ಔಷಧಿ ಅಂಗಡಿಯ ಡ್ರಿಪ್ ಟ್ಯೂಬು, ಖಾಲಿ ಹಾರ್ಲಿಕ್ಸ್ ಬಾಟಲಿ ಸಾಕು. ‘ತುಳಿ, ತುಳಿ, ಹಿಡ್ಕೊ’ ಎಂದು ಕೂಗು ಬಂದಾಗ ಪೆಡಲನ್ನು ಒತ್ತಿ ಹಿಡಿಯಬೇಕು. ಕೆಳಗಿದ್ದವರು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದೊಡನೆ ಗುಳ್ಳೆಬೆರೆತ ದ್ರವ ಬಾಟಲಿಗೆ ಬರುತ್ತದೆ, ಪೆಡಲ್ ಕುಸಿಯುತ್ತದೆ. ನಿಪ್ಪಲ್ ಬಿಗಿಯಾಗುವವರೆಗೂ ಪಾದ ಎತ್ತುವಂತಿಲ್ಲ. ಎತ್ತಿದರೆ ಹೊರಗೆ ಬಂದದ್ದನ್ನು ಪೈಪು ವಾಪಸ್ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಗಿದ ಮೇಲೆ ‘ಬಿಡು’. ಗುಳ್ಳೆ ನಿಲ್ಲುವವರೆಗೆ ಇದೇ ಆವರ್ತನೆ. ನಡುನಡುವೆ ಮಾಸ್ಟರ್ ಸಿಲಿಂಡರಿಗೆ ದ್ರವ ಒದಗಿಸುವ ಡಬ್ಬಿಗೆ ದ್ರವ ಸುರಿಯುತ್ತಿರಬೇಕು. ಅದು ಬರಿದಾದರೆ ಮಾಸ್ಟರ್ ಸಿಲಿಂಡರೇ ಗಾಳಿ ಕುಡಿದು, ಮಾಡಿದ್ದೆಲ್ಲ ಮೊದಲಿನಿಂದ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು. ಸ್ಟಿಯರಿಂಗ್ ಬಲಕ್ಕಿರುವ ನಮ್ಮ ಹಳೆಯ ಕಾರುಗಳಲ್ಲಿ ಹಿಂದಿನ ಎಡಚಕ್ರ ಮೊದಲು, ಮುಂದಿನ ಬಲಚಕ್ರ ಕೊನೆ.

ಡ್ರಮ್ ಬ್ರೇಕಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ರೇಕ್ ಶೂಗಳು ಸವೆದು ಡ್ರಮ್ಮಿನಿಂದ ದೂರವಾದರೂ ಪೆಡಲ್ ಕೆಳಗಿಳಿಯುತ್ತದೆ. ಆದರೆ ಅದು ಕೆಳಗಿಳಿದು ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಯಿದ್ದರೆ ಗಟ್ಟಿಯೇ ಆಗುವುದಿಲ್ಲ. ಈ ವ್ಯತ್ಯಾಸ ಪಾದಕ್ಕೆ ಗೊತ್ತಾಗುವುದೇ ಈ ವಿದ್ಯೆಯ ಅರ್ಧಭಾಗ. ಗೊತ್ತಿಲ್ಲದವರು ಶೂ ಬಿಗಿ ಮಾಡುವ ಬದಲು ಒಂದು ಬಾಟಲಿ ದ್ರವವನ್ನು ಸುಮ್ಮನೆ ಹರಿಸಿಬಿಡುತ್ತಿದ್ದರು.

ದ್ರವದ ಗುಣವನ್ನು ತಿಳಿಯದೆ ಈ ಕೆಲಸದ ತುರ್ತು ಅರ್ಥವಾಗದು. ಬಳಕೆಯಲ್ಲಿರುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು. ಇವಕ್ಕೆ ಎಂಜಿನ್ ಆಯಿಲ್ ಬೆರೆತರೆ ರಬ್ಬರ್ ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಕೀಳುತ್ತದೆ, ಕೂಡಲೇ ನೀರು ಸುರಿಯಬೇಕು. ಗಾಳಿಯ ತೇವವನ್ನು ಹೀರುವುದು ಇವುಗಳ ಸ್ವಭಾವ. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದೆ, ತೇವ ಹೀರಿದ್ದಕ್ಕೆ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಊರೊಳಗಿನ ಓಡಾಟಕ್ಕೆ ಹಳೆಯ ದ್ರವವೂ ನಡೆದೀತು. ಆದರೆ ಬೆಂಗಳೂರಿನ ಸಂಸಾರ ಕಾರು ಹತ್ತಿದರೆ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿಯ ದಾರಿ. ಶಿರಾಡಿ, ಚಾರ್ಮಾಡಿ ಅಥವಾ 14 ಹೇರ್‌ಪಿನ್ ತಿರುವುಗಳ ಆಗುಂಬೆ ಘಾಟಿ ಇಳಿಯಬೇಕು. ಸುಮಾರು 900 ಮೀಟರ್ ಎತ್ತರದ ಊರಿನಿಂದ ಕಡಲ ಮಟ್ಟಕ್ಕೆ ಇಳಿವ ಹಾದಿಯಲ್ಲಿ ಬ್ರೇಕು ಒತ್ತಿಯೇ ಬಂದರೆ, ಕಾದ ಸಿಲಿಂಡರಿನಲ್ಲಿ ತೇವದ ದ್ರವ ಕುದಿದು ಆವಿಯಾಗುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ನಾಲ್ಕೂ ಚಕ್ರಗಳಿಗೆ ಒಂದೇ ದ್ರವಮಾರ್ಗವಿರುವ ಹಳೆಯ ಕಾರಿನಲ್ಲಿ ಆಗ ಉಳಿಯುವುದು ಹ್ಯಾಂಡ್‌ಬ್ರೇಕ್ ಮತ್ತು ಗೇರು ಮಾತ್ರ. ಘಾಟಿ ಪ್ರಯಾಣಕ್ಕೆ ಮುಂಚೆ ಬ್ರೇಕ್ ನೋಡಿಕೊಳ್ಳುವುದು ಅತಿಜಾಗ್ರತೆ ಎನಿಸಿದ್ದರೆ, ಅದು ಘಾಟಿ ಇಳಿಯದವರ ಮಾತು.

ದ್ವಿಚಕ್ರಗಳಿಗೆ ಈ ಗೊಡವೆ ತಡವಾಗಿ ಬಂತು. ಮೈಸೂರಿನ ಐಡಿಯಲ್ ಜಾವಾದ ಗಾಡಿಗಳಲ್ಲಾಗಲಿ, ಬಜಾಜ್ ಚೇತಕ್‌ನಲ್ಲಾಗಲಿ ಇದ್ದದ್ದು ಕೇಬಲ್ಲು, ಸರಳುಗಳ ಡ್ರಮ್ ಬ್ರೇಕು. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್‌ಗಳ ಮುಂಚಕ್ರದ ಡಿಸ್ಕ್ ಬ್ರೇಕು ಬ್ರೇಕ್ ದ್ರವದ ಬಳಕೆಯನ್ನು ಹುಡುಗರ ಕೈಗೆ ತಂದಿತು. ಬೈಕಿನಲ್ಲಿ ಒಂದು ಕೈ ಲಿವರಿನ ಮೇಲೆ, ಇನ್ನೊಂದು ಪಾನಾದ ಮೇಲೆ ಇಟ್ಟು ಒಬ್ಬರೇ ಮುಗಿಸಬಹುದು. ಉಳಿದ ಸಣ್ಣ ಗುಳ್ಳೆ ಮೇಲೇರಲೆಂದು ಲಿವರನ್ನು ಒತ್ತಿ ಕಟ್ಟಿ ರಾತ್ರಿಯಿಡೀ ಬಿಡುವ ಉಪಾಯವೂ ಚಾಲ್ತಿಗೆ ಬಂತು.

ಕಾರಿನ ಮಟ್ಟಿಗೆ ಮನೆಗೆಲಸ ತಗ್ಗತೊಡಗಿದ್ದೂ ಇದೇ ಕಾಲಕ್ಕೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಹೋಗುವ ಅಭ್ಯಾಸ ಕಲಿಸಿತ್ತು. ಜಯನಗರ, ಜೆ.ಪಿ. ನಗರಗಳಲ್ಲಿ ಒಂಟಿ ಮನೆಗಳು ಅಪಾರ್ಟ್‌ಮೆಂಟುಗಳಾದಂತೆ ಪೋರ್ಟಿಕೋ ಹೋಗಿ ನೆಲಮಾಳಿಗೆಯ ಗೆರೆ ಎಳೆದ ಜಾಗ ಬಂತು. ಬಳಿಕ ಬಂದದ್ದು ಎಬಿಎಸ್, ಅಂದರೆ ಬ್ರೇಕು ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಕಡ್ಡಾಯ. ಮಾಮೂಲಾಗಿ ದ್ರವ ಬದಲಿಸುವುದಕ್ಕೆ ಇದು ಬಹುತೇಕ ಅಡ್ಡಿಯಲ್ಲ. ಎಬಿಎಸ್ ಪೆಟ್ಟಿಗೆಯೊಳಗೇ ಗಾಳಿ ಹೊಕ್ಕರೆ ಮಾತ್ರ ಅದರ ಕವಾಟಗಳನ್ನು ಸ್ಕ್ಯಾನರಿನಿಂದ ತೆರೆದು ಮುಚ್ಚಬೇಕಾಗಬಹುದು, ಅದು ಹಾರ್ಲಿಕ್ಸ್ ಬಾಟಲಿಯ ಕೆಲಸವಲ್ಲ.

ಬೆಂಗಳೂರಿನದೇ ಆದ ವಿದ್ಯುತ್ ವಾಹನಗಳು, 2001ರ ರೇವಾ ಕಾರಾಗಲಿ 2018ರ ಏಥರ್ ಸ್ಕೂಟರಾಗಲಿ, ಹೈಡ್ರಾಲಿಕ್ ಬ್ರೇಕನ್ನು ಬಿಟ್ಟಿಲ್ಲ. ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ವಿದ್ಯುತ್ ಮರಳಿಸುವುದರಿಂದ ಪ್ಯಾಡುಗಳು ನಿಧಾನ ಸವೆಯುತ್ತವೆ. ದ್ರವ ಮಾತ್ರ ಗಾಡಿ ನಿಂತಲ್ಲೂ ತೇವ ಹೀರುತ್ತಿರುತ್ತದೆ. ಆದ್ದರಿಂದ ಅದನ್ನು ಬದಲಿಸುವ ಅವಧಿಯನ್ನು ಕಿಲೋಮೀಟರುಗಳ ಜೊತೆಗೆ ವರ್ಷಗಳಲ್ಲೂ ಎಣಿಸಲಾಗುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ.