ಮೇ ತಿಂಗಳಲ್ಲಿ ಖಾಲಿಯಾಗುವ ಮನೆ

ದೆಹಲಿಯ ಚಳಿಗೆಂದು ಒಳಗಿಟ್ಟಿದ್ದ ಕರಿಬೇವಿನ ಕುಂಡವನ್ನು ಒಂದು ವರ್ಷ ಸೀದಾ ಬಿಸಿಲಿಗೆ ತಂದಿಟ್ಟೆ. ವಾರದೊಳಗೆ ಎಲೆಗಳು ಸುಟ್ಟು ಬಿಳಿಚಿಕೊಂಡವು. ಒಳಗಿನ ಮಂದ ಬೆಳಕಿಗೆ ಒಗ್ಗಿದ ಗಿಡವನ್ನು ಮೊದಲು ನೆರಳಲ್ಲಿಟ್ಟು ಪಳಗಿಸಬೇಕಂತೆ. ಹೀಗೆ ಗಿಡ ಹೊರುವ ಕೆಲಸದ ಚರಿತ್ರೆ ಹುಡುಕುತ್ತ ಹೋದವನು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ನಿಂತೆ.

ಹದಿನಾಲ್ಕನೆಯ ಲೂಯಿಗೆ ಕಿತ್ತಳೆ ಗಿಡಗಳ ಹುಚ್ಚು. ಕಿತ್ತಳೆಯ ಹೆಸರು ಹೋದದ್ದು ನಮ್ಮ ಕಡೆಯಿಂದಲೇ: ಸಂಸ್ಕೃತದ ನಾರಂಗ, ಪಾರಸಿಯ ನಾರಂಗ್, ಅರಬ್ಬಿಯ ನಾರಂಜ್, ಕೊನೆಗೆ ಫ್ರೆಂಚಿನ ಒರಾಂಜ್. ಹೆಸರು ಹೇಗೋ ಒಗ್ಗಿಕೊಂಡಿತು, ಗಿಡ ಮಾತ್ರ ಅಲ್ಲಿನ ಹಿಮಕ್ಕೆ ಒಗ್ಗಲಿಲ್ಲ. ಅದಕ್ಕಾಗಿಯೇ ವಾಸ್ತುಶಿಲ್ಪಿ ಹಾರ್ದುವಾಂ-ಮಾನ್ಸಾರ್ 1684ರಿಂದ 1686ರವರೆಗೆ ಒರಾಂಜರಿ ಎಂಬ ಮನೆ ಕಟ್ಟಿದ. ನಡುವಿನ ಕಮಾನು ಸಾಲೇ 150 ಮೀಟರಿಗೂ ಉದ್ದ. ದಪ್ಪ ಗೋಡೆ, ದಕ್ಷಿಣದ ಬಿಸಿಲಿಗೆ ಮುಖ ಮಾಡಿದ ಎತ್ತರದ ಕಿಟಕಿಗಳು.

ಗಿಡಗಳಿದ್ದದ್ದು ಚೌಕನೆಯ ಮರದ ಪೆಟ್ಟಿಗೆಗಳಲ್ಲಿ. ಬದಿಯ ಹಲಗೆ ತೆಗೆದರೆ ಗಿಡ ಕೀಳದೆಯೇ ಬೇರು ಕತ್ತರಿಸಿ ಮಣ್ಣು ಬದಲಿಸಬಹುದು. ನನಗೆ ಅರಮನೆಯ ಕನ್ನಡಿಗಳಿಗಿಂತ ಈ ಹಲಗೆಯೇ ಹೆಚ್ಚು ಹಿಡಿಸಿತು, ಅದನ್ನು ಯೋಚಿಸಿದವನ ಕೈಗೆ ಖಂಡಿತ ಮಣ್ಣು ಮೆತ್ತಿರಬೇಕು. ಮೇ ಮಧ್ಯದಲ್ಲಿ ಪೆಟ್ಟಿಗೆಗಳು ಹೊರಗೆ, ಅಕ್ಟೋಬರಿನಲ್ಲಿ ಒಳಗೆ. ಬೇಸಿಗೆಯಿಡೀ ಆ ಮನೆ ಖಾಲಿ.

1871ರಲ್ಲಿ ಅದು ಖಾಲಿ ಉಳಿಯಲಿಲ್ಲ. ಮೇ ಕೊನೆಯ ವಾರ ಪ್ಯಾರಿಸ್ ಕಮ್ಯೂನಿನ ದಂಗೆಯನ್ನು ಸರ್ಕಾರದ ಸೈನ್ಯ ರಕ್ತದಲ್ಲಿ ಅಡಗಿಸಿತು. ಸೆರೆಸಿಕ್ಕವರನ್ನು ವರ್ಸೇಲ್ಸಿಗೆ ನಡೆಸಿಕೊಂಡು ಬಂದರು. ಅವರನ್ನು ಕೂಡಿಹಾಕಿದ ಜಾಗಗಳಲ್ಲಿ ಈ ಒರಾಂಜರಿಯೂ ಒಂದು. ವಾಡಿಕೆಯ ಪ್ರಕಾರ ಗಿಡಗಳು ಹೊರಗೆ ಬಿಸಿಲು ಕಾಯುವ ಕಾಲ ಅದು. ಅರಸನ ಕಿತ್ತಳೆಗೆಂದು ಕಟ್ಟಿದ ಕಮಾನಿನ ಕೆಳಗೆ ಪ್ಯಾರಿಸ್ಸಿನ ಕೂಲಿಗಳು, ಕುಶಲಕರ್ಮಿಗಳು ವಿಚಾರಣೆಗೆ ಕಾದರು. ಅರಮನೆಯ ವರ್ಣನೆಗಳಲ್ಲಿ ಈ ಸಂಗತಿಗೆ ಸಿಗುವುದು ಬಹಳವೆಂದರೆ ಒಂದು ಸಾಲು.

ಮುಂದೆ ದಂಗೆಕೋರರಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ನ್ಯೂ ಕ್ಯಾಲೆಡೋನಿಯಾಕ್ಕೆ ಗಡೀಪಾರು ಮಾಡಿದರು. ಅದು ಶಾಂತಸಾಗರದ ಉಷ್ಣವಲಯದ ದ್ವೀಪ, ಕಿತ್ತಳೆ ವರ್ಷವಿಡೀ ಬಯಲಲ್ಲೇ ಬೆಳೆಯಬಲ್ಲ ನೆಲ. ಅಲ್ಲಿ ಬದುಕುಳಿದವರಿಗೆ ಪೂರ್ತಿ ಕ್ಷಮಾದಾನ ಸಿಕ್ಕಿದ್ದು 1880ರಲ್ಲಿ.

ವರ್ಸೇಲ್ಸಿನಲ್ಲಿ ಈಗಲೂ ಬೇಸಿಗೆಗೆ ಸಾವಿರಕ್ಕೂ ಮಿಕ್ಕ ಪೆಟ್ಟಿಗೆಗಳು ಹೊರಗೆ ಬರುತ್ತವೆ. ಹೊರುವುದಕ್ಕೆ ಯಂತ್ರಗಳಿವೆ.