ಸಿಡಿಯದ ಬಾಂಬಿನ ಚರಿತ್ರೆ: ಮಾರ್ಟರ್ ತರಬೇತಿಯಲ್ಲಿ ಜಡ ಬಾಂಬುಗಳ ವಿನ್ಯಾಸ ಮತ್ತು ವಿಕಾಸ

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1686ರಲ್ಲಿ ಕೋವಿಮದ್ದಿನ ಗುಣಮಟ್ಟದ ಬಗ್ಗೆ ಒಂದು ಕಟ್ಟಳೆ ಹೊರಡಿಸಿದ. 45 ಡಿಗ್ರಿ ಕೋನಕ್ಕೆ ಕದಲದಂತೆ ಕೂರಿಸಿದ ಗಿಡ್ಡ ಮಾರ್ಟರಿನಲ್ಲಿ 3 ಔನ್ಸ್ ಮದ್ದು ಹಾಕಿ, 60 ಫ್ರೆಂಚ್ ಪೌಂಡು ತೂಗುವ ಗಟ್ಟಿ ಲೋಹದ ಗುಂಡನ್ನು ಹಾರಿಸಬೇಕು. ಗುಂಡು 50 ತ್ವಾಜ್, ಅಂದರೆ ಸುಮಾರು 97 ಮೀಟರ್ ದೂರ ಹೋಗಿ ಬೀಳದಿದ್ದರೆ ಆ ಮದ್ದು ಸರ್ಕಾರಿ ಉಗ್ರಾಣಕ್ಕೆ ಸಲ್ಲುತ್ತಿರಲಿಲ್ಲ. ಎಪ್ರುವೆತ್ ಎಂದು ಕರೆಯಲಾದ ಈ ಪರೀಕ್ಷಾ ಮಾರ್ಟರ್ ಮುಂದಿನ ಒಂದೂವರೆ ಶತಮಾನ ಯುರೋಪಿನ ಮದ್ದಿನ ಮನೆಗಳಲ್ಲಿ ಬಳಕೆಯಲ್ಲಿತ್ತು. ಅದರ ಗುಂಡಿನೊಳಗೆ ಸಿಡಿಯುವುದು ಏನೂ ಇರಲಿಲ್ಲ. ಹಾರಿಸಿ, ಹುಡುಕಿ ತಂದು, ಒರೆಸಿ, ಮತ್ತೆ ಹಾರಿಸುವುದಕ್ಕೆಂದೇ ಅದನ್ನು ಮಾಡಲಾಗಿತ್ತು.

ಸೈನಿಕ ತರಬೇತಿಯ ಜಡ ಬಾಂಬಿನ ಚರಿತ್ರೆಯನ್ನು ಈ ಗುಂಡಿನಿಂದಲೇ ಆರಂಭಿಸಬೇಕೆಂಬುದು ನನ್ನ ವಾದ. ಅದರ ಬೆಲೆಯೆಲ್ಲ ಇದ್ದದ್ದು ತೂಕ ಮತ್ತು ವ್ಯಾಸ ಬದಲಾಗದೆ ಉಳಿಯುವುದರಲ್ಲಿ. ಪದೇ ಪದೇ ಹಾರಿಸಿದಂತೆ ಗುಂಡೂ ನಳಿಕೆಯ ಒಳಮೈಯೂ ಸವೆದು ನಡುವಿನ ಸಂದು ಹಿಗ್ಗುತ್ತಿತ್ತು. ಅನಿಲ ಅಲ್ಲಿಂದ ಸೋರಿ, ಅದೇ ಮದ್ದು ಕಡಿಮೆ ದೂರ ತೋರಿಸುತ್ತಿತ್ತು. ತೂಕ, ಸಂದು, ಸವೆತ ಎಂಬ ಈ ಮೂರು ಸಂಗತಿಗಳೇ ಇಪ್ಪತ್ತನೆಯ ಶತಮಾನದ ಜಡ ಬಾಂಬಿನ ವಿನ್ಯಾಸಕಾರರನ್ನೂ ಕಾಡಿದವು.

ಆಧುನಿಕ ಮಾರ್ಟರ್ ರೂಪುಗೊಂಡದ್ದು 1915ರಲ್ಲಿ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಕ್ರೇನು ಮತ್ತು ರೈಲ್ವೆ ಸಲಕರಣೆ ತಯಾರಿಸುತ್ತಿದ್ದ ರ‍್ಯಾನ್ಸಮ್ಸ್ ಅಂಡ್ ರೇಪಿಯರ್ ಕಂಪನಿಯ ಎಂಜಿನಿಯರ್ ವಿಲ್ಫ್ರೆಡ್ ಸ್ಟೋಕ್ಸ್ ಕಂದಕ ಯುದ್ಧಕ್ಕಾಗಿ ಅತ್ಯಂತ ಸರಳವಾದ ಆಯುಧವೊಂದನ್ನು ಮುಂದಿಟ್ಟ. ನುಣುಪು ಒಳಮೈಯ ನಳಿಕೆ, ಅದರ ತಳದಲ್ಲಿ ಕದಲದ ಒಂದು ಮೊಳೆ, ಊರಲು ತಳಹಲಗೆ ಮತ್ತು ಎರಡು ಕಾಲು. ಬಾಂಬನ್ನು ಬಾಯಿಯಿಂದ ಜಾರಿಸಿದರೆ ಅದು ತನ್ನ ತೂಕದಿಂದಲೇ ಇಳಿದು ಮೊಳೆಗೆ ಬಡಿಯುತ್ತದೆ. ಬುಡದಲ್ಲಿರುವ, ಬೇಟೆ ಕೋವಿಯ ತೋಟೆಯಂಥ ಕಾರ್ಟ್ರಿಜ್ ಹೊತ್ತಿಕೊಳ್ಳುತ್ತದೆ. ಬಾಂಬು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಸ್ಟೋಕ್ಸ್‌ನ ಮೊದಲ ಬಾಂಬುಗಳಿಗೆ ರೆಕ್ಕೆಗಳಿರಲಿಲ್ಲವಾದ್ದರಿಂದ ಅವು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತ ಹೋಗುತ್ತಿದ್ದವು. 1920ರ ದಶಕದ ಕೊನೆಗೆ ಫ್ರಾನ್ಸಿನ ಎಡ್ಗರ್ ಬ್ರಾಂಟ್ ಹನಿಯಾಕಾರದ, ಬಾಲಕ್ಕೆ ರೆಕ್ಕೆಯಿದ್ದ 81 ಮಿ.ಮೀ. ಬಾಂಬನ್ನು ರೂಪಿಸಿದ. ಅಮೆರಿಕದ 81 ಮಿ.ಮೀ. ಎಂ1 ಮಾರ್ಟರ್ ಬ್ರಾಂಟ್ ವಿನ್ಯಾಸದಿಂದಲೇ ಬಂದದ್ದು. ಇಂದು ಭಾರತೀಯ ಪದಾತಿ ಬೆಟಾಲಿಯನ್ನುಗಳಲ್ಲಿರುವ 81 ಮಿ.ಮೀ. ಮಾರ್ಟರ್ ಸೇರಿದಂತೆ ಜಗತ್ತಿನ ಬಹುಪಾಲು ಸೇನೆಗಳ ಮಾರ್ಟರುಗಳು ಇದೇ ತತ್ವದ ಮೇಲೆ ನಡೆಯುತ್ತವೆ.

ಈ ಸರಳತೆಗೆ ತೆರಬೇಕಾದ ಬೆಲೆ ದೊಡ್ಡದು. ಫಿರಂಗಿಗೆ ಮುಚ್ಚಳವಿದೆ, ಕುದುರೆಯಿದೆ, ಗುಂಡು ಹಾರುವ ಕ್ಷಣವನ್ನು ಮನುಷ್ಯ ನಿರ್ಧರಿಸುತ್ತಾನೆ. ಮಾರ್ಟರಿನಲ್ಲಿ ಕೈಬಿಟ್ಟದ್ದೇ ನಿರ್ಧಾರ. ಬಿಟ್ಟ ಕೈ ಆ ಕೂಡಲೇ ನಳಿಕೆಯ ಪಕ್ಕದಲ್ಲೇ ಕೆಳಗಿಳಿಯಬೇಕು, ದೇಹ ಬಾಗಬೇಕು. ಹಿಂದಿನ ಬಾಂಬು ಹೊರಬಿದ್ದಿದೆಯೇ ಎಂಬುದು ಖಚಿತವಾಗದೆ ಮುಂದಿನದನ್ನು ಬಾಯಿಗೆ ಒಯ್ಯಬಾರದು. ಇಂಥ ಅಭ್ಯಾಸ ಓದಿನಿಂದ ಬರುವುದಿಲ್ಲ, ಸಾವಿರ ಸಲ ಮಾಡಿ ಕೈಗೆ ಹತ್ತಬೇಕು. ನಿಜವಾದ ಬಾಂಬಿನಿಂದ ಸಾವಿರ ಸಲ ಮಾಡಿಸಲು ಯಾವ ಸೇನೆಗೂ ಆಗದು. ಜಡ ಬಾಂಬು ಬಂದದ್ದು ಈ ಇಕ್ಕಟ್ಟಿನಿಂದ.

ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ನೋಡದಿದ್ದರೆ ಗೊಂದಲವಾಗುತ್ತದೆ. ಕವಾಯತು ಬಾಂಬಿನಲ್ಲಿ ಸಿಡಿಮದ್ದೂ ಇಲ್ಲ, ಹಾರಿಸುವ ಮದ್ದೂ ಇಲ್ಲ. ಎತ್ತಿ, ಹಿಡಿದು, ಇಳಿಸಿ ಕಲಿಯಲಷ್ಟೇ ಅದು. ತರಬೇತಿ ಬಾಂಬು ನಿಜವಾಗಿ ಹಾರುತ್ತದೆ, ಬಿದ್ದಲ್ಲಿ ಸುಮ್ಮನಿರುತ್ತದೆ. ಅಭ್ಯಾಸ ಬಾಂಬು ಹಾರಿ, ಬಿದ್ದಲ್ಲಿ ಸಣ್ಣ ಸದ್ದನ್ನೋ ಹೊಗೆಯನ್ನೋ ತೋರಿಸುತ್ತದೆ. ಪೂರ್ಣಾರ್ಥದಲ್ಲಿ ಜಡ ಎನ್ನಬಹುದಾದದ್ದು ಮೊದಲನೆಯದು ಮಾತ್ರ.

ಕವಾಯತು ಬಾಂಬು ಕೈಗೆ ಸುಳ್ಳು ಹೇಳಬಾರದು. ಅದರ ಒಟ್ಟು ತೂಕ ಸರಿಯಿದ್ದರೆ ಸಾಲದು, ತೂಕದ ಕೇಂದ್ರವೂ ಅದೇ ಜಾಗದಲ್ಲಿರಬೇಕು. ಅಸಲಿ ಬಾಂಬಿನ ಹೊಟ್ಟೆಯಲ್ಲಿರುವ ಟಿಎನ್‌ಟಿಯ ಸಾಂದ್ರತೆ ನೀರಿನ ಸುಮಾರು 1.6 ಪಟ್ಟು. ಆ ಜಾಗವನ್ನು ಬರಿದೇ ಬಿಟ್ಟರೆ ಬಾಂಬು ಹಗುರ, ಗಟ್ಟಿ ಕಬ್ಬಿಣವಾಗಿಸಿದರೆ ಭಾರ. ಹೀಗಾಗಿ ಸಾಂದ್ರತೆ ಹೊಂದುವಂತೆ ಗಾರೆ, ಮೇಣದಂಥ ವಸ್ತುಗಳನ್ನು ಬೆರೆಸಿ ತುಂಬುತ್ತಾರೆ. ಹಾರುವ ತರಬೇತಿ ಬಾಂಬಿನಲ್ಲಿ ಇದು ಇನ್ನೂ ಮುಖ್ಯ. ರೆಕ್ಕೆಯ ಬಾಂಬು ನೆಟ್ಟಗೆ ಹೋಗಬೇಕಾದರೆ ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮುಂದಿರಬೇಕು.

ಕವಾಯತಿನಲ್ಲಿ ಕಲಿಸುವ ಅತಿ ಸೂಕ್ಷ್ಮ ಪಾಠವೆಂದರೆ ಹಾರದೆ ಒಳಗೇ ಉಳಿದ ಬಾಂಬನ್ನು ಹೊರತೆಗೆಯುವುದು. ಅಮೆರಿಕನ್ ಕೈಪಿಡಿಗಳಲ್ಲಿ ಇದರ ಕ್ರಮ ವಿವರವಾಗಿದೆ. ಮೊದಲು ಹಿಮ್ಮಡಿಯಿಂದ ನಳಿಕೆಯನ್ನು ಒದೆಯುತ್ತಾರೆ, ಸಿಕ್ಕಿಕೊಂಡಿದ್ದರೆ ಬಾಂಬು ಜಾರಿ ಮೊಳೆಗೆ ತಾಗಲಿ ಎಂದು. ಆಗಲೂ ಹಾರದಿದ್ದರೆ ಕಾಯುತ್ತಾರೆ. ನಳಿಕೆ ಕೈ ತಾಳುವಷ್ಟು ತಣ್ಣಗಾದ ಮೇಲೆ ಅದನ್ನು ತಿರುಗಿಸಿ ತಳಹಲಗೆಯಿಂದ ಬಿಡಿಸುತ್ತಾರೆ. ಒಬ್ಬ ಬುಡವನ್ನು ನಿಧಾನವಾಗಿ ಮೇಲೆತ್ತುತ್ತಾನೆ. ಇನ್ನೊಬ್ಬ ಬಾಯಿಯನ್ನು ಎರಡೂ ಕೈಯಿಂದ ಸುತ್ತುವರಿದು, ಹೆಬ್ಬೆರಳುಗಳ ಮಾಂಸಲ ಭಾಗವನ್ನು ಅಂಚಿನ ಮೇಲಿಟ್ಟು ಕಾಯುತ್ತಾನೆ. ಒಳಗಿನಿಂದ ಲೋಹ ಜಾರಿ ಬರುವ ಸಪ್ಪಳ ಕೇಳಿಸುತ್ತದೆ. ಬಾಂಬಿನ ಮೂತಿ ಹೊರಬಂದು ಹೆಬ್ಬೆರಳಿಗೆ ತಗುಲಿ ನಿಲ್ಲುತ್ತದೆ. ಅವನು ಅದನ್ನು ಮೆಲ್ಲಗೆ ಸೆಳೆದುಕೊಳ್ಳುತ್ತಾನೆ. ಬುಡ ಎತ್ತುವವನು ಮಧ್ಯದಲ್ಲಿ ಕೈ ಸಡಿಲಿಸಿದರೆ ಬಾಂಬು ಮರಳಿ ಮೊಳೆಯ ಮೇಲೆ ಬೀಳುತ್ತದೆ. ಈ ಪಾಠವನ್ನು ಮೊದಲ ಸಲ ಕಲಿಯುವವನ ಕೈಯಲ್ಲಿರಬೇಕಾದದ್ದು ಜಡ ಬಾಂಬೇ ಹೊರತು ಬೇರೇನೂ ಅಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕನ್ ಸೇನೆ 81 ಮಿ.ಮೀ. ಮಾರ್ಟರಿಗೆ ಎಂ68, 60 ಮಿ.ಮೀ. ಮಾರ್ಟರಿಗೆ ಎಂ69 ಎಂಬ ತರಬೇತಿ ಬಾಂಬುಗಳನ್ನು ಬಳಕೆಗೆ ತಂದಿತ್ತು. ವಿನ್ಯಾಸದ ಮಿತವ್ಯಯದಲ್ಲಿ ಇವಕ್ಕೆ ಸಾಟಿಯಾದವು ಕಡಿಮೆ ಎಂದೇ ನನಗನಿಸುತ್ತದೆ. ಮೈ ಎರಕದ ಕಬ್ಬಿಣ, ಬುಡದಲ್ಲಿ ತಿರುಪಿನಿಂದ ಕೂರುವ ರೆಕ್ಕೆಯ ಬಾಲ, ಬಾಲದೊಳಗೆ ಒಂದೇ ಒಂದು ಹೊತ್ತಿಸುವ ಕಾರ್ಟ್ರಿಜ್. ಮೂತಿಗೆ ಫ್ಯೂಜ್ ಇಲ್ಲ. ಅಸಲಿ ಬಾಂಬಿನಲ್ಲಿ ದೂರ ಹೆಚ್ಚಿಸಲು ಬಾಲದ ಸುತ್ತ ಮದ್ದಿನ ಹೆಚ್ಚುವರಿ ಪೊಟ್ಟಣಗಳಿರುತ್ತವೆ. ಇಲ್ಲಿ ಅವೂ ಇಲ್ಲ. ಕಾರ್ಟ್ರಿಜ್ಜಿನ ಅನಿಲ ಬಾಲದ ಗೋಡೆಯ ರಂಧ್ರಗಳಿಂದ ನುಗ್ಗಿ ಬಾಂಬಿನ ಹಿಂದಿನ ಜಾಗವನ್ನು ತುಂಬಿ ತಳ್ಳುತ್ತದೆ. ತಳ್ಳುವ ಶಕ್ತಿ ಕಡಿಮೆ, ಕಬ್ಬಿಣ ಭಾರ. ಬಾಂಬು ಕೆಲವು ನೂರು ಗಜ ದಾಟದೆ ಬೀಳುತ್ತದೆ. ದೂರವನ್ನು ಇಳಿಸಿದ ಈ ಭಾರವೇ ಆಯುಷ್ಯವನ್ನು ಹೆಚ್ಚಿಸಿತು. ನೆಲಕ್ಕೆ ಬಡಿದು ಡೊಂಕಾಗುವುದು ರೆಕ್ಕೆ ಮಾತ್ರ. ಸೈನಿಕರು ಬಾಂಬನ್ನು ಹುಡುಕಿ ತಂದು, ಮಣ್ಣು ಕೆರೆದು, ಬೇಕಾದರೆ ಬಾಲ ಬದಲಿಸಿ, ಹೊಸ ಕಾರ್ಟ್ರಿಜ್ ಹಾಕಿ ಮತ್ತೆ ಇಳಿಸುತ್ತಿದ್ದರು. ಮೈಯ ಮೇಲೆ ಗಾಯ, ಉಬ್ಬು ಇಲ್ಲದಿರುವುದನ್ನು ನೋಡಿಕೊಳ್ಳಬೇಕಿತ್ತು. ಬಾಂಬಿಗೂ ನಳಿಕೆಗೂ ನಡುವಿನ ಸಂದು ಕೂದಲೆಳೆಯಷ್ಟು. ಇಳಿಯುವಾಗ ಕೆಳಗಿನ ಗಾಳಿ ಅದರಿಂದಲೇ ಮೇಲೆ ಬರಬೇಕು. ಉಬ್ಬಿದ್ದರೆ ಬಾಂಬು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಸವೆದಿದ್ದರೆ ಅನಿಲ ಸೋರುತ್ತದೆ. 1686ರ ಗುಂಡಿನ ತಾಪತ್ರಯವೇ ಇಲ್ಲಿಯೂ.

ಯುದ್ಧಾನಂತರ ಪ್ರಶ್ನೆ ಬದಲಾಯಿತು. ಕೈಗೆ ಕಲಿಸಿದ್ದಾಯಿತು, ದೂರದಲ್ಲಿ ನಿಂತು ಗುರಿ ತಿದ್ದುವ ವೀಕ್ಷಕನಿಗೆ ಕಲಿಸುವುದು ಹೇಗೆ? ಅವನಿಗೆ ಬಿದ್ದ ಜಾಗ ಕಾಣಬೇಕು. ಸಿಗುತ್ತಿದ್ದ ಮೈದಾನಗಳೋ ಚಿಕ್ಕವು. ದೊಡ್ಡ ಮಾರ್ಟರಿನಿಂದ 22 ಮಿ.ಮೀ. ಕಿರುಗುಂಡು ಹಾರಿಸುವ ಸಾಧನವೂ, ಒತ್ತಿದ ಗಾಳಿಯಿಂದ ಹಾರಿಸುವ ಎಂ32 ಎಂಬ ಸಾಧನವೂ ಬಂದವು. ನಂತರದ 81 ಮಿ.ಮೀ. ಎಂ880 ಬಾಂಬಿನ ಯುಕ್ತಿ ಇನ್ನೂ ಜಾಣತನದ್ದು. ಅದರ ಮೈಯಲ್ಲೇ ಅನಿಲ ಹೊರಹೋಗುವ ದಾರಿಗಳಿವೆ, ಅವಕ್ಕೆ ಬಿರಡೆಗಳಿವೆ. ಬಿರಡೆ ತೆಗೆದಷ್ಟೂ ಅನಿಲ ವ್ಯರ್ಥವಾಗಿ ಬಾಂಬು ಹತ್ತಿರ ಬೀಳುತ್ತದೆ. ಅಸಲಿ ಬಾಂಬಿನಲ್ಲಿ ಮದ್ದಿನ ಪೊಟ್ಟಣ ತೆಗೆದು ದೂರ ಇಳಿಸುವ ಕೈಕೆಲಸಕ್ಕೆ ಇಲ್ಲಿ ಬಿರಡೆ ತೆಗೆಯುವ ಕೆಲಸ ಪ್ರತಿನಿಧಿ. ದೂರಗಳೆಲ್ಲ ಅಸಲಿಯ ಹತ್ತನೇ ಒಂದು.

ದೂರ ಹತ್ತನೇ ಒಂದಾದರೆ ಕಾಲವೂ ಹಾಗೆಯೇ ಕುಗ್ಗುವುದಿಲ್ಲ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ದೂರ ವೇಗದ ವರ್ಗಕ್ಕೆ, ಹಾರಾಟದ ಕಾಲ ವೇಗಕ್ಕೆ ಅನುಪಾತದಲ್ಲಿರುತ್ತದೆ. 45 ಡಿಗ್ರಿಯಲ್ಲಿ 3000 ಮೀಟರ್ ಹೋಗುವ ಬಾಂಬು ಸುಮಾರು 25 ಸೆಕೆಂಡು ಗಾಳಿಯಲ್ಲಿದ್ದರೆ 300 ಮೀಟರ್ ಹೋಗುವುದು ಸುಮಾರು 8 ಸೆಕೆಂಡು ಇರುತ್ತದೆ. ವೇಗ ತಗ್ಗಿದ್ದರಿಂದ ಗಾಳಿ ಬಾಂಬನ್ನು ಪಕ್ಕಕ್ಕೆ ತಳ್ಳುವ ಪ್ರಮಾಣವೂ ಬೇರೆಯಾಗುತ್ತದೆ. ಚಿಕ್ಕ ಮೈದಾನದಲ್ಲಿ ಗುರಿ ತಿದ್ದುವ ಗಣಿತ ಕಲಿತವನು ಕಾಯುವುದನ್ನು ಕಲಿತಿರುವುದಿಲ್ಲ. ಒಂದರ ಹಿಂದೊಂದು ಬಾಂಬು ಇಳಿಸುವವರಿಗೆ, ಚಲಿಸುವ ಗುರಿಯನ್ನು ನೋಡುವವರಿಗೆ ಇದು ಸಣ್ಣ ಕೊರತೆಯಲ್ಲ. ಪೂರ್ತಿ ದೂರ ಹಾರುವ ಅಭ್ಯಾಸ ಬಾಂಬುಗಳು, 81 ಮಿ.ಮೀ.ಗೆ ಎಂ879, 120 ಮಿ.ಮೀ.ಗೆ ಎಂ931, ಕಿರುದೂರದವುಗಳ ಜೊತೆಗೇ ಬೇಕಾದದ್ದು ಇದಕ್ಕಾಗಿಯೇ.

ತರಬೇತಿಯ ಕೊರತೆ ಎಷ್ಟು ದುಬಾರಿಯೆಂಬುದಕ್ಕೆ 2013ರ ಮಾರ್ಚ್ 18ರ ಅಪಘಾತ ಸಾಕ್ಷಿ. ಅಮೆರಿಕದ ನೆವಾಡಾದ ಹಾಥಾರ್ನ್ ಶಸ್ತ್ರಾಗಾರದ ಮೈದಾನದಲ್ಲಿ ರಾತ್ರಿ ಅಭ್ಯಾಸದ ವೇಳೆ 60 ಮಿ.ಮೀ. ಮಾರ್ಟರ್ ಸ್ಫೋಟಿಸಿ ಏಳು ಮರೀನ್ ಸೈನಿಕರು ಸತ್ತರು. ನಳಿಕೆಯಲ್ಲಿ ಬಾಂಬು ಇರುವಾಗಲೇ ಇನ್ನೊಂದನ್ನು ಇಳಿಸಿದ್ದು ಕಾರಣವೆಂದೂ, ಸಜೀವ ಬಾಂಬಿಗೆ ಮುನ್ನ ಆಗಬೇಕಿದ್ದ ಪೂರ್ವತಯಾರಿ ಸರಿಯಾಗಿ ಆಗಿರಲಿಲ್ಲವೆಂದೂ ತನಿಖೆ ಹೇಳಿತು. ಸೋವಿಯತ್ ಸೇನೆ ಎರಡನೆಯ ಮಹಾಯುದ್ಧದ ಅನುಭವದಿಂದ ತನ್ನ 82 ಮಿ.ಮೀ. ಮಾರ್ಟರಿನ ಬಾಯಿಗೇ ಎರಡನೆಯ ಬಾಂಬನ್ನು ತಡೆಯುವ ಸಾಧನ ಜೋಡಿಸಿತ್ತು. ಅಂಥ ತಡೆಯಿಲ್ಲದ ಮಾರ್ಟರಿನಲ್ಲಿ ಸೈನಿಕನ ರೂಢಿಯೇ ತಡೆ, ಆ ರೂಢಿ ಹುಟ್ಟುವುದು ಜಡ ಬಾಂಬಿನ ಬೇಸರ ತರಿಸುವ ಪುನರಾವರ್ತನೆಯಿಂದ.

ಜಡ, ಸಜೀವ ಬಾಂಬುಗಳು ಅದಲುಬದಲಾಗದಿರಲೆಂದು ಬಣ್ಣದ ಕಟ್ಟಳೆ ಬಂತು. ಅಮೆರಿಕ ಮತ್ತು ನ್ಯಾಟೋ ಸೇನೆಗಳಲ್ಲಿ ನೀಲಿ ಅಭ್ಯಾಸದ ಗುರುತು. ನೀಲಿ ಎಂದರೆ ನಿರಪಾಯ ಎಂದಲ್ಲ. ಹೊಗೆ ತೋರಿಸುವ ಮದ್ದು ಒಳಗೆ ಉಳಿದಿರಬಹುದು. ಹಳೆಯ ಮೈದಾನದಲ್ಲಿ ತುಕ್ಕು ಹಿಡಿದು ಬಣ್ಣ ಅಳಿದ ಬಾಂಬು ಯಾವ ಬಗೆಯದೆಂದು ಕಣ್ಣಳತೆಯಿಂದ ಹೇಳಲು ಆಗದು.

ಜಡ ಎಂಬುದಕ್ಕೂ ಮಿತಿಯಿದೆ ಎಂಬ ಅರಿವು ಮೂಡಿದ್ದು ಇತ್ತೀಚೆಗೆ. ಮ್ಯಾಸಚೂಸೆಟ್ಸ್‌ನ ಕ್ಯಾಂಪ್ ಎಡ್ವರ್ಡ್ಸ್ ಕೇಪ್ ಕಾಡ್‌ನ ಕುಡಿಯುವ ನೀರಿನ ಅಂತರ್ಜಲದ ಮೇಲಿದೆ. 1997ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಲ್ಲಿ ಫಿರಂಗಿ, ಮಾರ್ಟರ್ ಸಜೀವ ಅಭ್ಯಾಸವನ್ನು ನಿಲ್ಲಿಸಿತು. ನಂತರದ ಶೋಧಗಳಲ್ಲಿ ಸಿಡಿಮದ್ದಿನ ಜೊತೆಗೆ ಪರ್ಕ್ಲೋರೇಟ್ ಕೂಡ ನೀರಿನಲ್ಲಿ ಸಿಕ್ಕಿತು. ಅದು ಗುರುತು ತೋರಿಸುವ ಮದ್ದುಗಳಲ್ಲಿ ಬಳಸುವ ರಾಸಾಯನಿಕ. ಬಾಂಬು ಬೀಳುವ ತುದಿಯಷ್ಟೇ ಅಲ್ಲ, ಹಾರಿಸುವ ತುದಿಯೂ ಮಲಿನವಾಗುತ್ತದೆಂದು ಅಮೆರಿಕನ್ ಸೇನೆಯ ಸಂಶೋಧಕರು ಮಣ್ಣನ್ನೂ ಹಿಮವನ್ನೂ ಪರೀಕ್ಷಿಸಿ ತೋರಿಸಿದರು. ಪೂರ್ತಿ ಉರಿಯದ ಮದ್ದಿನ ನೈಟ್ರೋಗ್ಲಿಸರಿನ್ ನಳಿಕೆಯ ಮುಂದಿನ ನೆಲದಲ್ಲಿ ಉಳಿಯುತ್ತದೆ, ಬಾಂಬು ಜಡವಾಗಿದ್ದರೂ. ಅಭ್ಯಾಸದಲ್ಲಿ ಉಳಿದ ಮದ್ದಿನ ಪೊಟ್ಟಣಗಳನ್ನು ನೆಲದ ಮೇಲೆ ಸುಡುತ್ತಿದ್ದ ಹಳೆಯ ಪದ್ಧತಿಯಿಂದ ಮಣ್ಣಿಗೆ ಸೇರುತ್ತಿದ್ದದ್ದು ಇನ್ನೂ ಹೆಚ್ಚು. ಇದಕ್ಕಾಗಿ ಆ ಸಂಶೋಧಕರು ಹೊತ್ತೊಯ್ಯಬಲ್ಲ ಲೋಹದ ಸುಡುತಟ್ಟೆಯೊಂದನ್ನು ರೂಪಿಸಿ ಮೈದಾನಗಳಲ್ಲಿ ಪ್ರಯೋಗಕ್ಕೆ ಒಡ್ಡಿದರು.