ಸೇಜ್ ಗಣಿತ ತಂತ್ರಾಂಶ: ಸ್ಥಾಪನಾದೋಷಗಳ ನಿದಾನ

ಸೇಜ್ ಎಂಬ ಮುಕ್ತ ಗಣಿತ ತಂತ್ರಾಂಶವನ್ನು ಏಕಾಖಂಡವಾದ ಕೃತಿಯೆಂದು ಭಾವಿಸಿ ಗಣಕಯಂತ್ರದಲ್ಲಿ ಸ್ಥಾಪಿಸಹೊರಟವರಿಗೆ ಎದುರಾಗುವ ವಿಘ್ನಗಳು ದುರ್ಬೋಧವಾಗಿ ತೋರುವುದು ಆ ಭಾವನೆಯಿಂದಲೇ. ಅಮೆರಿಕದ ಗಣಿತಜ್ಞ ವಿಲಿಯಂ ಸ್ಟೈನ್ 2005ರಲ್ಲಿ ಪ್ರಾರಂಭಿಸಿದ ಈ ಯೋಜನೆಯು, ಸಕಲವನ್ನೂ ಮೊದಲಿನಿಂದ ರಚಿಸುವ ಸಾಹಸಕ್ಕೆ ಕೈಯಿಕ್ಕದೆ, ಸಂಖ್ಯಾಸಿದ್ಧಾಂತಕ್ಕಾಗಿ ಫ್ರಾನ್ಸಿನ ಬೋರ್ಡೋದಲ್ಲಿ ಬೆಳೆದ ಪಾರಿ, ಗ್ರೂಪ್‌ಗಳ ಸಿದ್ಧಾಂತಕ್ಕಾಗಿ 1986ರಲ್ಲಿ ಜರ್ಮನಿಯ ಆಖೆನ್‌ನಲ್ಲಿ ಆರಂಭವಾದ ಗ್ಯಾಪ್, ಬಹುಪದೋಕ್ತಿಗಳಿಗಾಗಿ ಅದೇ ದೇಶದ ಕೈಸರ್ಸ್‌ಲೌಟರ್ನ್‌ನ ಸಿಂಗ್ಯುಲರ್, ಕಲನಶಾಸ್ತ್ರಕ್ಕಾಗಿ ಎಂ.ಐ.ಟಿ.ಯ ಮ್ಯಾಕ್‌ಸಿಮಾದ (Macsyma) ವಂಶದಲ್ಲಿ ಬಂದ ಇಂದಿನ ಮ್ಯಾಕ್ಸಿಮಾ (Maxima) ಮೊದಲಾದವುಗಳನ್ನೆಲ್ಲ ಪೈಥಾನ್ ಭಾಷೆಯ ಸೂತ್ರದಲ್ಲಿ ಪೋಣಿಸಿತು. ಒಂದೊಂದಕ್ಕೂ ಅದರದೇ ಕರ್ತೃವರ್ಗ, ಅದರದೇ ಬಿಡುಗಡೆಯ ಕಾಲಕ್ರಮ. ಒಂದರ ನೂತನ ಆವೃತ್ತಿ ಇನ್ನೊಂದರ ಪುರಾತನ ನಿರೀಕ್ಷೆಗೆ ಒಗ್ಗದೆ ಹೋದಾಗ ಮುಗ್ಗರಿಸುವುದು ಬಹುಶಃ ಮೂರನೆಯದು.

ಆದುದರಿಂದ, ತೆರೆಯ ಮೇಲೆ ಕಟ್ಟಕಡೆಗೆ ಮೂಡುವ ದೋಷವಾಕ್ಯವನ್ನೇ ರೋಗವೆಂದು ಹಿಡಿಯುವುದು ಸಲ್ಲದು. ಮೂಲ ಸಂಕೇತದಿಂದ ಕಟ್ಟುವಾಗ ಅನೇಕ ಪ್ಯಾಕೇಜುಗಳು ಏಕಕಾಲದಲ್ಲಿ ಸಿದ್ಧವಾಗುತ್ತಿರುವುದರಿಂದ, ಒಂದು ವಿಫಲವಾದ ಬಳಿಕವೂ ಮಿಕ್ಕವುಗಳ ಸಾಲುಗಳು ಹರಿಯುತ್ತಲೇ ಇದ್ದು, ನಿಜವಾದ ಕಾರಣ ಬಹುದೂರ ಮೇಲೆ ಹುದುಗಿರುತ್ತದೆ. ಪ್ರತಿ ಪ್ಯಾಕೇಜಿಗೂ ಪ್ರತ್ಯೇಕವಾದ ಲಾಗ್ ಕಡತವಿದೆ. ಅದರಲ್ಲಿ ಪ್ರಥಮ ದೋಷವನ್ನು ಅರಸುವುದೇ ನಿದಾನದ ಆರಂಭ. ಕಾರಣಗಳಾದರೋ ಕೆಲವು ತೀರ ಕ್ಷುಲ್ಲಕ: ಫೋಲ್ಡರಿನ ಹೆಸರಿನಲ್ಲಿ ಖಾಲಿ ಜಾಗವಿರುವುದು, ಬೇರೊಂದು ಕೆಲಸಕ್ಕೆಂದು ತೆರೆದ, ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥಾಪಕದ ಪರಿಸರವನ್ನು ಮುಚ್ಚಲು ಮರೆತಿರುವುದು, ಮೆಮೊರಿ ಸಾಲದೆ ಕಂಪೈಲರನ್ನು ಕಾರ್ಯವ್ಯವಸ್ಥೆಯೇ ನಡುವೆ ನಿಲ್ಲಿಸಿಬಿಡುವುದು. ನವೀನ ಪ್ರೊಸೆಸರಿಗೆಂದು ಕಂಪೈಲ್ ಮಾಡಿದ ಪ್ರತಿಯನ್ನು ಹಳೆಯ ಯಂತ್ರಕ್ಕೆ ಒಯ್ದರೆ, ಅದು ಅರಿಯದ ಆದೇಶವೊಂದು ಬಂದೊಡನೆ ತಂತ್ರಾಂಶ ನಿಂತುಹೋಗುತ್ತದೆ; ಅಲ್ಲಿ ಗಣಿತದ ತಪ್ಪನ್ನು ಹುಡುಕುವವನ ಶ್ರಮ ವ್ಯರ್ಥವೇ ಸರಿ.

ಇವೆಲ್ಲಕ್ಕಿಂತ ಸೂಕ್ಷ್ಮವಾದುದು ಪೈಥಾನ್ 2ರಿಂದ ಪೈಥಾನ್ 3ಕ್ಕೆ ಆದ ಸಂಕ್ರಮಣ. ಪೈಥಾನ್ 2ರ ಅಧಿಕೃತ ಪೋಷಣೆ ಮುಗಿದ 2020ರ ಜನವರಿ 1ರಂದೇ ಪೈಥಾನ್ 3ನ್ನು ಆಧಾರವಾಗಿಟ್ಟುಕೊಂಡ ಸೇಜ್ 9.0 ಹೊರಬಂದಿತು. ಹಳೆಯ ಪೈಥಾನಿನಲ್ಲಿ 1/2 ಎಂಬುದಕ್ಕೆ 0 ಬರುತ್ತಿತ್ತು, ಹೊಸದರಲ್ಲಿ 0.5, ಸೇಜ್ ಮಾತ್ರ, ಬೆರಳಚ್ಚಿಸಿದ ಸೂತ್ರವನ್ನು ಪೈಥಾನಿಗೆ ಒಪ್ಪಿಸುವ ಮುನ್ನ ಮಾರ್ಪಡಿಸುವ ತನ್ನ ಪೂರ್ವಸಂಸ್ಕಾರದ ಬಲದಿಂದ, ಅದನ್ನು ಎರಡೂ ಕಾಲದಲ್ಲಿ ಭಾಗಲಬ್ಧ ಸಂಖ್ಯೆಯಾಗಿಯೇ ಉಳಿಸಿಕೊಂಡಿತು. ಆದರೆ ಆ ಸಂಸ್ಕಾರ ಶುದ್ಧ ಪೈಥಾನ್ ಕಡತಗಳಿಗೆ ಅನ್ವಯಿಸದಾದ್ದರಿಂದ, ಸೇಜ್‌ನಲ್ಲಿ ನೇರವಾಗಿ ಬೆರಳಚ್ಚು ಮಾಡಿದ ಸೂತ್ರ ಸರಿಯುತ್ತರ ಕೊಟ್ಟರೂ, ಅದೇ ಸೂತ್ರ ಪೈಥಾನ್ ಕಡತವನ್ನು ಸೇರಿದಾಗ ಬೇರೆಯೇ ಫಲವನ್ನು, ಅದೂ ಯಾವ ದೋಷವಾಕ್ಯವೂ ಇಲ್ಲದೆ, ಕೊಡಬಲ್ಲದು. ವಿಜಾತೀಯ ವಸ್ತುಗಳಲ್ಲಿ ಹಿರಿದು ಕಿರಿದೆಂಬ ಹೋಲಿಕೆಗೆ ಪೈಥಾನ್ 3 ಸಾಮಾನ್ಯವಾಗಿ ಒಪ್ಪದಿರುವುದರಿಂದ ಹಿಂದೆ ಸರಾಗವಾಗಿದ್ದ ವಿಂಗಡಣೆಗಳೂ ಮುರಿದವು. ಆದರೆ ಮುರಿದುದು ಕಣ್ಣಿಗೆ ಬೀಳುತ್ತದೆ, ಮೌನವಾಗಿ ಬದಲಾದುದು ಬೀಳದು. ನನ್ನ ದೃಷ್ಟಿಯಲ್ಲಿ ಸ್ಥಾಪನೆಯ ವೈಫಲ್ಯಕ್ಕಿಂತ ಭಯಾನಕವಾದುದು ಈ ಎರಡನೆಯದೇ.

ಎಲ್ಲವನ್ನೂ ಅಳಿಸಿ ಮರಳಿ ಸ್ಥಾಪಿಸುವ ರೂಢಿಯಿಂದ ಕೆಲವೊಮ್ಮೆ ಕಾರ್ಯಸಿದ್ಧಿಯಾದರೂ ಕಾರಣ ಅಜ್ಞಾತವಾಗಿಯೇ ಉಳಿಯುತ್ತದೆ. ಅಂಥ ಕಾರಣಗಳನ್ನು ಮುಂದೆ ಪತ್ತೆಹಚ್ಚಲು ಸಾಧ್ಯವಾಗುವಂತೆ, ಗಣಕದ ನೆರವಿನಿಂದ ಪ್ರಮೇಯಗಳನ್ನು ಪರಿಶೀಲಿಸುವ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಸೇಜ್ ಎಂಬ ಹೆಸರನ್ನಷ್ಟೇ ಅಲ್ಲದೆ, ಅದರ ಆವೃತ್ತಿಯನ್ನೂ, ಒಳಗೆ ದುಡಿದ ಪಾರಿ, ಗ್ಯಾಪ್ ಮುಂತಾದವುಗಳ ಆವೃತ್ತಿಗಳನ್ನೂ ತಪ್ಪದೆ ನಮೂದಿಸಬೇಕೆಂದು ವಿಜ್ಞಾಪಿಸುತ್ತೇನೆ.